ಅಧ್ಯಕ್ಷರ ಹೆಬ್ಬೆರಳು

ಒಂಬತ್ತು ವರ್ಷದಿಂದ ಬೈಕಿನಲ್ಲಿ ಊಟದ ಪಾರ್ಸೆಲ್ ಹೊರುತ್ತಿದ್ದವನನ್ನು ಜೊತೆಯ ಸವಾರರು ಅಧ್ಯಕ್ಷ ಎಂದೇ ಕರೆಯುತ್ತಿದ್ದರು. ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಗೆಳೆಯನ ಆ್ಯಪ್ ಐಡಿಯನ್ನು ಕಂಪನಿ ಅಂದೇ ಬಂದ್ ಮಾಡಿದಾಗ ಇವನ ಪಿತ್ತ ನೆತ್ತಿಗೇರಿತ್ತು. ಆರು ತಿಂಗಳು ಪೆಟ್ರೋಲ್ ಬಂಕು, ಹೋಟೆಲ್ ಬಾಗಿಲುಗಳಲ್ಲಿ ಸವಾರರ ಕೈಕಾಲು ಹಿಡಿದು ಸಂಘ ಕಟ್ಟಿದ, ಮುಷ್ಕರಕ್ಕೆ ಕರೆ ಕೊಟ್ಟ.

ಅಂದು ಮಧ್ಯಾಹ್ನ ಕಂಪನಿಯ ಗೇಟಿನೆದುರು ಹೆಲ್ಮೆಟ್ಟುಗಳೆಲ್ಲ ನೆಲದ ಮೇಲಿದ್ದವು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಫೋನು ಹಿಡಿದು ಅಧ್ಯಕ್ಷ ಗುಡುಗಿದ: "ಫೋನ್ ಆಫ್ ಮಾಡ್ಬೇಡಿ. ಆರ್ಡರ್ ಬರ್ತಾನೇ ಇರ್ಲಿ, ಯಾರೂ ಮುಟ್ಬೇಡಿ. ನಾವಿಲ್ದಿದ್ರೆ ಏನಾಗುತ್ತೆ ಅಂತ ಅವರಿಗೂ ಗೊತ್ತಾಗ್ಲಿ!"

ಚಪ್ಪಾಳೆಯ ನಡುವೆ ಅವನ ಫೋನು ಕುಂಯ್ ಎಂದಿತು. ಹೆಬ್ಬೆರಳಿಗೆ ಸಂಘ ಗೊತ್ತೇ, ಮುಷ್ಕರ ಗೊತ್ತೇ? ಒಂಬತ್ತು ವರ್ಷದ ಅಭ್ಯಾಸ, ಒತ್ತಿಯೇಬಿಟ್ಟಿತು.

"ಆರ್ಡರ್ ಸ್ವೀಕರಿಸಲಾಗಿದೆ," ಎಂದ ಫೋನಿನ ಹೆಣ್ಣುದನಿ ಮೈಕಿನಲ್ಲಿ ಬೀದಿಗೆಲ್ಲ ಕೇಳಿಸಿತು.

"ಕೈತಪ್ಪಿ ಆಯ್ತು ಕಣ್ರಪ್ಪಾ!" ಎಂದು ಅಂಗಲಾಚಿದ. ಯಾರು ನಂಬುತ್ತಾರೆ? ಫೋನುಗಳು ಹೊರಬಂದವು, ಗಾಡಿಗಳು ಒಂದೊಂದಾಗಿ ಹೊರಟವು. ಕೊನೆಗೆ ಉಳಿದವನು ಸೊಂಟ ಮುರಿದ ಗೆಳೆಯನ ತಮ್ಮ. ನೆಲದಿಂದ ಅಧ್ಯಕ್ಷನ ಹೆಲ್ಮೆಟ್ ಎತ್ತಿ, ಧೂಳು ಒರೆಸಿ, ಕೈಗಿತ್ತ.

"ಹೊರಡಿ ಅಧ್ಯಕ್ಷರೇ, ಊಟ ಆರಿಹೋಗುತ್ತೆ."