ನಂಜಣ್ಣನ ಅಂಗಾಲು

ಬ್ರೇಕ್ ನೋಡುವಾಗ ನಂಜಣ್ಣ ಚಪ್ಪಲಿ ಬಿಟ್ಟೇ ವ್ಯಾನ್ ಹತ್ತುತ್ತಿದ್ದ. ಗುಬ್ಬಿ ಗೇಟಿನ ಬಳಿ ಅವನ ಗ್ಯಾರೇಜು. ಬರಿಗಾಲನ್ನು ಪೆಡಲ್ ಮೇಲಿಟ್ಟು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. "ಮೆತ್ತಗಿದ್ರೆ ಪೈಪಲ್ಲಿ ಗಾಳಿ ಸೇರ್ಕಂಡೈತೆ ಅಂತ. ಒತ್ತಿ ಹಿಡ್ದಾಗ ಮೆಲ್ಲುಕೆ ಕೆಳಕ್ಕೆ ಜಾರಿದ್ರೆ ಮಾಸ್ಟರ್ ಸಿಲಿಂಡರ್ ರಬ್ಬರ್ ಹೋಗೈತೆ ಅಂತ. ಚಪ್ಲಿ ಹಾಕ್ಕಂಡ್ರೆ ಇವೆಲ್ಲಾ ಗೊತ್ತಾಗಕಿಲ್ಲ ಕಣವ್ವ" ಎನ್ನುತ್ತಿದ್ದ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಉಳಿದದ್ದು ಅವರ ಹಳೇ ವ್ಯಾನ್ ಒಂದೇ. ಉಪ್ಪಾರಹಳ್ಳಿಯ ಮಕ್ಕಳನ್ನು ಸ್ಕೂಲಿಗೆ ಬಿಡುವ ಕೆಲಸ ಹಿಡಿದೆ. ಹೆಂಗಸಿಗೆ ಯಾಕೆ ಈ ಉಸಾಬರಿ ಎಂದರು ನೆಂಟರು. ಅವರ ಬಾಯಿಗೆ ಮಣ್ಣು ಹಾಕ! ನಂಜಣ್ಣನೊಬ್ಬನೇ ನನ್ನನ್ನು ಗೂಳೂರು ದಾಟಿಸಿ ಕುಣಿಗಲ್ ರಸ್ತೆಯ ಇಳಿಜಾರಿಗೆ ಕರೆದೊಯ್ದ. ಪಕ್ಕದಲ್ಲಿ ಕೂತು, "ಹೆದರ್ಕಬ್ಯಾಡ, ಬ್ರೇಕ್ ನಾನ್ ಮಾಡಿರದು" ಎಂದು ಓಡಿಸುವುದು ಕಲಿಸಿದ. ಭಾನುವಾರ ಬಂದರೆ ಬ್ರೇಕ್ ತೋರಿಸಲೇಬೇಕು. ಒಮ್ಮೆ ತಪ್ಪಿಸಿದ್ದಕ್ಕೆ ನಡುರಸ್ತೆಯಲ್ಲೇ ಬೈದ: "ಕಂಡೋರ್ ಮಕ್ಳು ಕಣವ್ವ ಅವು! ತಮಾಷೆ ಅಂದ್ಕಂಡಿದೀಯಾ?"

ಆಮೇಲೆ ಅವನಿಗೆ ಶುಗರ್ ಬಂತು. ಮೈ ಇಳಿಯಿತು, ಬಾಯಿ ಮಾತ್ರ ಇಳಿಯಲಿಲ್ಲ. ಹೋದ ವರ್ಷ ಒಂದು ಭಾನುವಾರ ವ್ಯಾನನ್ನು ಒಂದು ಸುತ್ತು ಓಡಿಸಿಕೊಂಡು ಬಂದು, "ಬ್ರೇಕ್ ಕಲ್ಲಿದ್ದಂಗೈತೆ, ಹೋಗು" ಎಂದ. ನಾನು ಹತ್ತಿ ಕೂತೆ. ಪೆಡಲ್ ಮೇಲೆ ರಕ್ತ.

"ನಂಜಣ್ಣ, ಕಾಲು!"

"ಯಾವ್ ಕಾಲು?"

ಅಂಗಾಲಿಗೆ ಮೊಳೆ ಹೊಕ್ಕಿತ್ತು. ಅಯ್ಯೋ ದೇವರೇ, ಅವನಿಗೆ ಗೊತ್ತೇ ಆಗಿರಲಿಲ್ಲ. ಪೆಡಲ್ ಒತ್ತಿ ಹಿಡಿದೆ. ಅದು ಮೆಲ್ಲಗೆ ಜಾರುತ್ತಾ ತಳ ಮುಟ್ಟಿತು.

ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಸಿದ. "ದೀಪಾವಳಿ ಆದ್ಮೇಲಿಂದ ಕಾಲು ಮರದ್ ತುಂಡಾಗೋಗೈತೆ ಕಣವ್ವ. ಅಂದಾಜಲ್ಲೇ ಮಾಡ್ತಿದ್ದೆ. ಕೆಲ್ಸ ಬುಟ್ರೆ ನಾನ್ಯಾರು ಅಂತ ಯಾರ್ಗೂ ಹೇಳ್ಲಿಲ್ಲ. ನಾಳೀಕೆ ಮಕ್ಳನ್ನ ಈ ಗಾಡೀಲಿ ಕೂರುಸ್ಬ್ಯಾಡ ತಾಯಿ, ಬೇರೇರ್ ತಾವ ಮಾಡ್ಸು." ಅವತ್ತೇ ಗ್ಯಾರೇಜಿನ ಬಾಗಿಲು ಎಳೆದ. ಮತ್ತೆ ತೆಗೆಯಲಿಲ್ಲ.

ಗಾಯ ಕೊಳೆತು ಮೊಣಕಾಲಿನ ತನಕ ಕಾಲು ತೆಗೆದರು. ಆ ವಾರವೇ ಅವನು ಹೋಗಿಬಿಟ್ಟ. ಅದಕ್ಕೆ ಮುಂಚೆ ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದೆ. ಪಕ್ಕದಲ್ಲಿ ಕೂತು, ಉಳಿದಿದ್ದ ಪಾದವನ್ನು ಒತ್ತತೊಡಗಿದೆ.

"ಈ ಕಾಲಿಗೆ ಗೊತ್ತಾಗ್ತಾ ಇದ್ಯಾ ನಂಜಣ್ಣ?"

ಅವನು ತಲೆಯೆತ್ತಿ ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡ. ಆಮೇಲೆ, "ಊಂ ಕಣವ್ವ, ಚೆನ್ನಾಗ್ ಗೊತ್ತಾಗ್ತೈತೆ" ಎಂದ.

ನಾನು ಒತ್ತುತ್ತಲೇ ಕೂತೆ.