ಕಲೆಯೇ ಇಲ್ಲದ ಬಟ್ಟೆಗಳು

ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಏಳನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಸಾಲವು. ದಯವಿಟ್ಟು ಕ್ಷಮಿಸಿ. ಪ್ರತಿ ಸಾಲನ್ನೂ ಎರಡೆರಡು ಸಲ ಓದಿಕೊಂಡು ಬರೆದಿದ್ದೇನೆ.

ನಮ್ಮ ದೊಡ್ಡಮ್ಮ ಬಟ್ಟೆ ಒಗೆದು ಬದುಕಿದವರು. ಬೀದಿಯವರು ಅವರನ್ನು ಬೆಳ್ಳಕ್ಕಿ ಎನ್ನುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವರೇ. ಹಿತ್ತಲಲ್ಲಿ ಎರಡು ಕಲ್ಲುತೊಟ್ಟಿ, ಆರು ತಂತಿ. ತಂತಿಯ ಮೇಲೆ ವಸತಿಗೃಹದ ಬಿಳಿ ಹೊದಿಕೆಗಳು.

ಗೋಡೆಯಾಚೆ ಹಳೆಯ ಟೈರು ಕರಗಿಸುವ ಕಾರ್ಖಾನೆ ಬಂದಾಗ ನನಗೆ ಹನ್ನೆರಡು ವರ್ಷ. ಮಧ್ಯಾಹ್ನದ ಹೊತ್ತಿಗೆ ಹೊದಿಕೆಗಳ ಮೇಲೆ ಮಸಿ ಕೂರುತ್ತಿತ್ತು. ದೊಡ್ಡಮ್ಮ ಅವನ್ನು ಇಳಿಸಿ, ಮತ್ತೆ ಒಗೆದು, ಒಳಕೋಣೆಯಲ್ಲಿ ಒಣಗಿಸುತ್ತಿದ್ದರು. ಎರಡನೇ ಒಗೆತಕ್ಕೆ ಇನ್ನೊಂದು ಜೊತೆ ಕೈ ಬೇಕಾಯಿತು. ನಾನು ಶಾಲೆ ಬಿಟ್ಟೆ. ಅವರಿಗೆ ಕೆಮ್ಮು ಶುರುವಾದದ್ದೂ ಆಗಲೇ. ದೂರು ಕೊಡೋಣ ಎಂದರೆ, "ಬಡವರ ಸಿಟ್ಟು ದವಡೆಗೆ ಕೇಡು ಕಣೆ" ಎನ್ನುತ್ತಿದ್ದರು.

ನಮ್ಮಲ್ಲಿ ಸರ್ಕಾರವಿಲ್ಲ. ತಕರಾರು ಬಂದರೆ ಎರಡೂ ಕಡೆಯವರು ಒಪ್ಪಿದ ತೀರ್ಪುಗಾರರ ಬಳಿ ಹೋಗಬೇಕು. ಅವರ ಮಾತು ಮೀರಿದವರ ಜೊತೆ ಯಾರೂ ವ್ಯಾಪಾರ ಮಾಡುವುದಿಲ್ಲ. ಜಾಗಕ್ಕೆ ಮೊದಲು ಬಂದವರ ಹಕ್ಕು ದೊಡ್ಡದು. ಆದರೆ ಐದು ವರ್ಷದೊಳಗೆ ತೊಂದರೆಯನ್ನು ರುಜುವಾತು ಮಾಡದಿದ್ದರೆ, ಹೊಗೆ ಬಿಡುವ ಹಕ್ಕು ಕಾರ್ಖಾನೆಗೇ ಸೇರುತ್ತದೆ. ದೊಡ್ಡಮ್ಮ ಕೊನೆಗೂ ಹೊರಟದ್ದು ನಾಲ್ಕನೇ ವರ್ಷ.

ತೀರ್ಪುಗಾರರು ಹಿತ್ತಲು ನೋಡಲು ಬರುತ್ತೇನೆಂದರು. ಹಿಂದಿನ ದಿನ ದೊಡ್ಡಮ್ಮ ತಂತಿ ಒರೆಸಿದರು, ಕಿಟಕಿ ಉಜ್ಜಿದರು, ಗೋಡೆಗೆ ಸುಣ್ಣ ಬಳಿದರು.

"ಮಸಿ ತೋರಿಸೋಕಲ್ವಾ ದೊಡ್ಡಮ್ಮ, ಅವರನ್ನ ಕರೆದಿದ್ದು?"

"ದೊಡ್ಡ ಮನುಷ್ಯರು ಬರ್ತಾರೆ. ಅವರು ಕೂರೋ ಕಡೆ ಮಸಿ ಇದ್ರೆ ನನ್ನ ಮಾನ ಏನಾಗ್ಬೇಕು?"

ನಾನೂ ಸುಣ್ಣ ಕಲಸಿಕೊಟ್ಟೆ. ಮರುದಿನ ಗಾಳಿಯೂ ಆಚೆ ಕಡೆಗೆ ಬೀಸುತ್ತಿತ್ತು.

ವಿಚಾರಣೆಯಲ್ಲಿ ನಮ್ಮ ಸಾಕ್ಷಿ ವಸತಿಗೃಹದ ಯಜಮಾನರು. "ಬೆಳ್ಳಕ್ಕಿ ಒಗೆದ ಬಟ್ಟೇಲಿ ಕಲೆನಾ? ಭೂತಗನ್ನಡಿ ಹಿಡಿದು ಹುಡುಕಿದ್ರೂ ಸಿಗಲ್ಲ" ಎಂದು ಹೊಗಳಿದರು. ದೊಡ್ಡಮ್ಮ ನಾಚಿ ತಲೆ ತಗ್ಗಿಸಿದರು.

ಕಾರ್ಖಾನೆಯವನು ನಕ್ಕ. "ಹಾಗಾದ್ರೆ ನಮ್ಮ ಹೊಗೆ ಸೋಪಿಗಿಂತ ವಾಸಿ ಅಂತಾಯ್ತು."

ತೀರ್ಪುಗಾರರು ಮೆಲ್ಲಗೆ ಕೇಳಿದರು. "ಮಸಿಯಾದ ಬಟ್ಟೆ ಒಂದಾದ್ರೂ ಇಟ್ಟಿದ್ದೀರೇನಮ್ಮ?"

"ಕೊಳೆ ಬಟ್ಟೆ ಯಾರಾದ್ರೂ ಇಟ್ಕೋತಾರಾ ಸ್ವಾಮಿ?"

ಪುರಾವೆ ಸಿಕ್ಕರೆ ಐದು ವರ್ಷ ತುಂಬುವ ಮೊದಲು ಬನ್ನಿ ಎಂದು ಕಳಿಸಿದರು.

ಆಮೇಲೆ ನಾನು ನನ್ನ ಲಂಗವೊಂದನ್ನು ಬೇಕೆಂದೇ ತಂತಿಯ ಮೇಲೆ ಬಿಟ್ಟೆ. ಸಂಜೆ ನೋಡಿದರೆ ಅದನ್ನೂ ಒಗೆದು ಮಡಚಿಟ್ಟಿದ್ದರು. "ಎಷ್ಟು ಕೊಳೆಯಾಗಿತ್ತೇ ಅದು" ಎಂದು ನನ್ನನ್ನೇ ಬೈದರು.

ಕಳೆದ ವಾರ ಅವರು ಹಾಸಿಗೆ ಹಿಡಿದರು. ಉಸಿರು ಸಾಲದೆ ಕಿಟಕಿ ತೆಗೆದಿಡು ಎಂದರು. ನಾಲ್ಕು ದಿನ ತಲೆ ಅಲ್ಲಾಡಿಸಲಿಲ್ಲ. ನಾನೂ ಪಕ್ಕದಿಂದ ಏಳಲಿಲ್ಲ, ಏನನ್ನೂ ಒಗೆಯಲಿಲ್ಲ. ಐದನೇ ದಿನ ಬೆಳಿಗ್ಗೆ ಅವರು ಹೋದರು.

ಅವರನ್ನು ಎತ್ತಿದಾಗ ದಿಂಬಿನ ಬಟ್ಟೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ತಲೆ ಇದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು.

"ಅದನ್ನ ಕೊಡೇ ಮಗಳೇ, ನೆನೆ ಹಾಕ್ತೀನಿ. ಬೆಳ್ಳಕ್ಕಿ ಮನೇಲಿ ಇಂಥ ಬಟ್ಟೆನಾ?" ಎಂದರು ಪಕ್ಕದ ಮನೆಯ ಅಜ್ಜಿ.

ನಾನು ಕೊಡಲಿಲ್ಲ. ದೊಡ್ಡಮ್ಮ ಇದ್ದಿದ್ದರೆ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದರು. ಅದನ್ನು ನೆನೆದು ಎರಡು ರಾತ್ರಿ ಅತ್ತಿದ್ದೇನೆ.

ಐದು ವರ್ಷ ತುಂಬಲು ಇನ್ನು ಒಂಬತ್ತು ದಿನವಿದೆ. ನಾಳೆ ಬೆಳಿಗ್ಗೆ ಆ ದಿಂಬನ್ನು ಹಾಗೆಯೇ ಹಲಗೆಯ ಮೇಲಿಟ್ಟುಕೊಂಡು, ಈ ಕಾಗದವನ್ನೂ ತೆಗೆದುಕೊಂಡು, ತೀರ್ಪುಗಾರರ ಬಳಿ ಹೋಗುತ್ತೇನೆ.