ಬಿಳಿ ವೈನಿನ ಪಂಡಿತ

ನಮ್ಮ ಕಡೆ ಚಳಿಗಾಲ ಅಂದರೆ ಫ್ಯಾನನ್ನು ಐದರಿಂದ ಎರಡಕ್ಕೆ ಇಳಿಸುವುದು. ಡಿಸೆಂಬರಿನಲ್ಲಿ ಬೆಳಗ್ಗೆ ಒಂದಿಷ್ಟು ಮಂಜು ಬೀಳುತ್ತದೆ, ಬಂದ್ಯೋಡಿನ ಪೇಟೆಯಲ್ಲಿ ನಾಲ್ಕು ಜನ ಗಂಡಸರು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ, ಒಂಬತ್ತು ಗಂಟೆಗೆ ಎಲ್ಲರೂ ಬೆವರುತ್ತಾರೆ. ಇಷ್ಟು ಚಳಿಗೆ ಯಾವ ಬಿಳಿ ವೈನ್ ಒಳ್ಳೆಯದು ಎಂದು ಕೇಳಲು ಹೆಂಡತಿಯ ಕಡೆಯ ನೆಂಟರೆಲ್ಲ ಈಗಲೂ ನನಗೆ ಫೋನ್ ಮಾಡುತ್ತಾರೆ. ಕ್ರಿಸ್ಮಸ್ಸಿಗೆ ಅವರ ಮನೆಗಳಲ್ಲಿ ಇರುವುದು ಕೆಂಪು ದ್ರಾಕ್ಷಿ ವೈನ್. ಬಿಳಿಯದರ ವಿಷಯ ಯಾರಿಗೂ ಗೊತ್ತಿಲ್ಲ. ಹಾಳೂರಿಗೆ ಉಳಿದವನೇ ಗೌಡ.

ನಾನೂ ಗಂಭೀರವಾಗಿಯೇ ಉತ್ತರಿಸುತ್ತೇನೆ. ತೆಳ್ಳಗೆ, ಹುಳಿಹುಳಿಯಾಗಿರುವ ಬಿಳಿ ವೈನ್ ಸೆಕೆಗಾಲಕ್ಕೆ, ಮೀನಿನ ಊಟಕ್ಕೆ. ಚಳಿಗೆ, ಅದರಲ್ಲೂ ಹಂದಿ ಮಾಂಸ, ಇಡ್ಲಿಯಂಥ ಸನ್ನ ಇರುವ ಊಟಕ್ಕೆ, ಮರದ ಪೀಪಾಯಿಯಲ್ಲಿಟ್ಟ, ಸ್ವಲ್ಪ ಬೆಣ್ಣೆಯ ವಾಸನೆ ಬರುವ ದಪ್ಪ ವೈನ್ ಆಗಬೇಕು. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ, ತೀರಾ ತಣ್ಣಗಿದ್ದರೆ ರುಚಿ ಗೊತ್ತಾಗುವುದಿಲ್ಲ. ಇದೆಲ್ಲ ಸರಿಯಾದ ಮಾತೇ. ಆದರೆ ನಾನು ಹಡಗಿನಲ್ಲಿ ಒಂದು ದಿನವೂ ಯಾರಿಗೂ ವೈನ್ ಬಡಿಸಿದವನಲ್ಲ.

ಪ್ರವಾಸಿ ಹಡಗೊಂದರ ಲಾಂಡ್ರಿಯಲ್ಲಿ ಏಳು ವರ್ಷ ಇದ್ದೆ. ಅದು ಹಡಗಿನ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ; ಕಿಟಕಿ ಇಲ್ಲ. ಹೊರಗೆ ಹಿಮವೋ ಬಿಸಿಲೋ ನನಗೆ ತಿಳಿಯುತ್ತಿದ್ದದ್ದು ಊಟದ ಮೇಜಿನ ಬಟ್ಟೆಗಳಿಂದ. ಸೆಕೆಯ ಊರುಗಳ ಕಡೆ ಹೋದಾಗ ಬಟ್ಟೆಯಲ್ಲಿ ಮೀನು, ಲಿಂಬೆಯ ವಾಸನೆ. ಚಳಿಯ ಕಡೆ ಹೋದಾಗ ಮಾಂಸದ ಗ್ರೇವಿ, ಬೆಣ್ಣೆ, ಅದರ ಪಕ್ಕದಲ್ಲಿ ಬಿಳಿ ವೈನ್. ಕೆಂಪು ವೈನ್ ಚೆಲ್ಲಿದರೆ ಕಣ್ಣಿಗೆ ಕಾಣುತ್ತದೆ. ಬಿಳಿಯದು ಕಾಣುವುದಿಲ್ಲ, ಬಟ್ಟೆ ಚೊಕ್ಕ ಉಂಟೆಂದು ಇಸ್ತ್ರಿಗೆ ಹಾಕಿದರೆ ಅದರ ಸಕ್ಕರೆ ಸುಟ್ಟು ಹಳದಿ ಕಲೆ ಏಳುತ್ತದೆ, ಸೂಪರ್‌ವೈಸರನಿಂದ ಬೈಗುಳ. ಹಾಗಾಗಿ ಪ್ರತಿ ಬಟ್ಟೆಯನ್ನೂ ಮೂಸಿ ನೋಡುವುದನ್ನು ಕಲಿತೆ. ಮೂಸಿದ್ದು ಯಾವ ವೈನ್ ಎಂದು ಮೇಲಿನಿಂದ ಬರುವ ವೇಟರುಗಳ ಹತ್ತಿರ ಕೇಳಿಕೊಳ್ಳುತ್ತಿದ್ದೆ. ನನ್ನ ಪಾಂಡಿತ್ಯ ಅಷ್ಟೇ.

ಹೆಣ್ಣು ನೋಡಲು ಹೋದ ದಿನ ಹುಡುಗಿಯ ತಂದೆ ಕೇಳಿದರು, "ಹಡಗಿನಲ್ಲಿ ಎಂತ ಕೆಲಸ?" ಅಷ್ಟರಲ್ಲಿ ಹುಡುಗಿ ಕೇಕು, ಮನೆಯ ವೈನ್ ಇದ್ದ ಟ್ರೇ ಹಿಡಿದುಕೊಂಡು ಬಂದಳು. ಅಭ್ಯಾಸಬಲ, ಗ್ಲಾಸನ್ನು ಮೂಸಿದೆ. "ವೈನ್ ಸೆಕ್ಷನ್" ಎಂದೆ. ಬಟ್ಟೆ ಒಗೆಯುವುದಕ್ಕೆ ನನಗೆ ಎಂದೂ ನಾಚಿಕೆಯಾದದ್ದಿಲ್ಲ, ಆ ಟ್ರೇಯ ಎದುರು ಮಾತ್ರ ಆಯಿತು. ಮದುವೆಯಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಮದುವೆಯ ದಿನವೇ ಮಾವ ನನ್ನನ್ನು ಪಾದ್ರಿಗಳಿಗೆ ಪರಿಚಯಿಸಿದ್ದು ವೈನ್ ಎಕ್ಸ್‌ಪರ್ಟ್ ಎಂದು. ಅಲ್ಲಿಂದ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಒಮ್ಮೆ ಧೈರ್ಯ ಮಾಡಿ, "ನನಗೆ ವೈನ್ ಅಷ್ಟೇನೂ ಗೊತ್ತಿಲ್ಲ ಮಾವ" ಎಂದದ್ದೂ ಉಂಟು. ಅವರು ಪಕ್ಕದವರ ಕಡೆ ತಿರುಗಿ, "ನೋಡಿ, ಗೊತ್ತಿದ್ದವರು ಮಾತಾಡುವುದೇ ಹೀಗೆ" ಎಂದರು.

ಕಳೆದ ಜನವರಿಯಲ್ಲಿ ಹೆಂಡತಿಯ ತಮ್ಮನ ಮದುವೆ. ಇಗರ್ಜಿಯಿಂದ ಹಾಲ್‌ಗೆ ಬಂದ ಮೇಲೆ ಒಬ್ಬರು ಮೈಕ್ ಹಿಡಿದು ಎರಡು ಒಳ್ಳೆಯ ಮಾತು ಹೇಳಿ, ಮದುಮಕ್ಕಳ ಹೆಸರಿನಲ್ಲಿ ಎಲ್ಲರಿಂದ ಗ್ಲಾಸ್ ಎತ್ತಿಸುವುದು ನಮ್ಮಲ್ಲಿ ಕ್ರಮ. ಅದಕ್ಕೆ ಟೋಸ್ಟ್ ಎನ್ನುತ್ತೇವೆ. ಮದುವೆಗೆ ವಾರ ಇರುವಾಗ ಮಾವ ಫೋನ್ ಮಾಡಿದರು.

"ಈ ಸಲ ಟೋಸ್ಟ್‌ಗೆ ಬಿಳಿ ವೈನ್. ಆರಿಸುವುದು ನೀನು, ಟೋಸ್ಟ್ ಹೇಳುವುದೂ ನೀನು. ಆ ವೈನೇ ಯಾಕೆ ಅಂತ ಸ್ವಲ್ಪ ವಿವರಿಸು ಮಾರಾಯ. ಹುಡುಗಿಯ ಸೋದರಮಾವ ಹಡಗಿನಲ್ಲಿ ಮೂವತ್ತು ವರ್ಷ ವೈನ್ ಬಡಿಸಿದವರಂತೆ. ನಮ್ಮಲ್ಲೂ ಒಬ್ಬ ಉಂಟು ಅಂತ ಅವರಿಗೂ ಗೊತ್ತಾಗಲಿ."

ನನಗೆ ನಿಜವಾಗಿ ಹೆದರಿಕೆಯಾಯಿತು. ಹಡಗಿನವನು ಹಡಗಿನವನಿಗೆ ಕೇಳುವ ಮೊದಲ ಪ್ರಶ್ನೆಯೇ ಯಾವ ಡೆಕ್, ಅಂದರೆ ಯಾವ ಅಂತಸ್ತಿನಲ್ಲಿ ಕೆಲಸ, ಎಂದು.

ಮರುದಿನ ಕೇರಳ ಸರಕಾರದ ಮದ್ಯದಂಗಡಿಯ ಸಾಲಿನಲ್ಲಿ ನಿಂತೆ. ಗಡಿಯಾಚೆ ಮಂಗಳೂರಿನಲ್ಲಿ ಬೇಕಾದಷ್ಟು ಬಗೆ ಸಿಗುತ್ತದೆ, ಆದರೆ ತಲಪಾಡಿಯ ಚೆಕ್‌ಪೋಸ್ಟ್ ದಾಟಿಸಿ ತರುವಂತಿಲ್ಲ. ಇಲ್ಲಿ ಇದ್ದದ್ದು ಮೂರು. ಒಂದೊಂದು ಬಾಟಲಿ ಮನೆಗೆ ತಂದು ಮಧ್ಯಾಹ್ನ ಅಡುಗೆಮನೆಯಲ್ಲಿ ತೆರೆದೆ. ಗ್ಲಾಸಿಗೆ ಹಾಕಿ ಕುಡಿದರೆ ನನಗೆ ಏನೂ ಸರಿಯಾಗಿ ತಿಳಿಯುವುದಿಲ್ಲ. ಬಿಳಿ ಕರ್ಚೀಫಿನ ಮೇಲೆ ಮೂರರದ್ದೂ ಹನಿ ಹಾಕಿ, ಒಣಗಿದ ಮೇಲೆ ಮೂಸಿ, ಇಸ್ತ್ರಿಪೆಟ್ಟಿಗೆ ಇಟ್ಟೆ. ಒಂದು ಹನಿ ಕಡು ಹಳದಿಯಾಯಿತು, ಬರೀ ಸಕ್ಕರೆ. ಇನ್ನೊಂದು ಗುರುತೇ ಇಲ್ಲದೆ ಹೋಯಿತು. ಮೂರನೆಯದು ತೆಳು ಹಳದಿಯಾಗಿ, ಬಿಸಿಗೆ ಬೆಣ್ಣೆಯ ವಾಸನೆ ಬಿಟ್ಟಿತು. ತಲೆ ಎತ್ತಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಲಾಂಡ್ರಿ, ಕಿಟಕಿಯಿಲ್ಲದ ಏಳು ವರ್ಷ, ಎಲ್ಲ ಹೇಳಿಬಿಟ್ಟೆ. ಅವಳು ಬಂದು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು.

"ಗೊತ್ತುಂಟು. ಮದುವೆಯಾದ ವಾರವೇ ಗೊತ್ತಾಯಿತು. ಮೂಲೆಗೆಲ್ಲ ಇಲಾಸ್ಟಿಕ್ ಇರುವ ಬೆಡ್‌ಶೀಟನ್ನು ನೀವು ಒಬ್ಬರೇ ನಿಂತು ಹೊಸ ಸೀರೆಯ ಹಾಗೆ ಮಡಚಿದಿರಿ. ವೈನ್ ಬಡಿಸುವವರು ಅದನ್ನು ಎಲ್ಲಿ ಕಲಿಯುವುದು?"

ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು. "ಹಾಗಾದರೆ ಸಂಜೆ ಹೋಗಿ ನಿನ್ನ ಅಪ್ಪನಿಗೂ ಹೇಳಿಬಿಡ್ತೇನೆ" ಎಂದೆ.

"ಬೇಡ."

"ಸುಳ್ಳು ಹೇಳಿದ್ದು ನಾನು. ಬೈಯುವುದಿದ್ದರೆ ನನಗೆ ಬೈಯಲಿ."

"ನೀವು ಹೇಳಿದ್ದು ಒಂದು ಸಲ" ಎಂದಳು. "ಗೊತ್ತಿದ್ದೂ ಹನ್ನೊಂದು ವರ್ಷ ಹೇಳಿಕೊಂಡು ಬಂದವಳು ನಾನು. ಅಕ್ಕಂದಿರ ಹತ್ತಿರ, ಮಕ್ಕಳ ಹತ್ತಿರ, ಅಪ್ಪನ ಹತ್ತಿರ. ಈಗ ಈ ಸುಳ್ಳಿನಿಂದ ನೀವು ಮಾತ್ರ ಹೊರಗೆ ಹೋದರೆ ನಾನೆಂತ ಮಾಡುವುದು?"

ನನಗೆ ಸಿಟ್ಟು ಬಂತು. ಅವಳ ಮುಖ ನೋಡಿದ ಮೇಲೆ ಸಿಟ್ಟು ಮಾಡುವ ಹಕ್ಕೂ ನನಗಿಲ್ಲ ಅನಿಸಿತು. ಒಬ್ಬಳ ಹತ್ತಿರವಾದರೂ ಹೇಳಿ ಬಿಡಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅವಳನ್ನೂ ನಾನೇ ಸಿಕ್ಕಿಸಿ ಹಾಕಿದ್ದೆ.

"ಆ ಸೋದರಮಾವ ಯಾವ ಡೆಕ್ ಅಂತ ಕೇಳಿದರೆ?"

"ನಿಮ್ಮ ಪಕ್ಕದಲ್ಲೇ ನಿಲ್ತೇನೆ. ಊಟಕ್ಕೆ ಕರೆದುಕೊಂಡು ಹೋಗ್ತೇನೆ."

ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ನನ್ನ ಮುಂದೆ ಇಟ್ಟಳು. ಚಳಿಯ ದಿನಕ್ಕೆ ಹೊಂದುವ ವೈನ್, ಬೆಣ್ಣೆಯ ಪರಿಮಳದ ವೈನ್, ಚೆಲ್ಲಿದರೂ ಹೆಚ್ಚು ಕಲೆ ಉಳಿಯದ ವೈನ್ ಎಂದು ಬರೆದೆ. ಕೊನೆಯದನ್ನು ಅವಳು ಅಡ್ಡಗೆರೆ ಎಳೆದು ಅಳಿಸಿದಳು. ನಾನು ಎದ್ದು ನಿಂತು, ಚಮಚವನ್ನು ಮೈಕಿನ ಹಾಗೆ ಹಿಡಿದು ಓದಿದೆ.

"ಇನ್ನೂ ಸ್ವಲ್ಪ ಜೋರಾಗಿ ಹೇಳಿ" ಎಂದಳು. "ಅಪ್ಪನಿಗೆ ಈಗ ಕಿವಿ ಮಂದ."